ಹಗೇವು ಬೇರೆ, ಅಂಗಡಿ ಬೇರೆ

ಹೋದ ತಿಂಗಳ ಸಂಚಿಕೆಯಲ್ಲಿ ನಾನು ಹೇಳಿದ್ದು ಎರಡೇ ಮಾತು. ಫೋಟೊ ಮಾರುವ ದೊಡ್ಡ ಕಂಪನಿಗಳು ‘ನಮ್ಮ ಸಂಗ್ರಹದಲ್ಲಿ ಇಷ್ಟು ಕೋಟಿ ಚಿತ್ರ’ ಎಂದು ಹೇಳಿಕೊಳ್ಳುವ ಸಂಖ್ಯೆಗೆ ಮರುಳಾಗಬೇಡಿ ಎಂಬುದು ಒಂದು. ಆ ರಾಶಿಯನ್ನು ತೂರಿ ಹೊಟ್ಟು ಹಾರಿಸಬೇಕು, ನಮ್ಮ ಸ್ಟುಡಿಯೊದವರೂ ಕಳಿಸುವ ಮುಂಚೆ ಆರಿಸಬೇಕು ಎಂಬುದು ಇನ್ನೊಂದು. ಇಷ್ಟಕ್ಕೆ ಮುದ್ದೇಬಿಹಾಳದಿಂದ ಸೊಲ್ಲಾಪುರದವರೆಗಿನ ಕ್ಯಾಮೆರಾ ಗೆಳೆಯರಿಗೆ ಸಿಟ್ಟು ಬಂದಿದೆ. ಕೆಲವರು ಫೋನ್ ಮಾಡಿದರು, ಕೆಲವರು ಕಾಗದ ಬರೆದರು, ಒಬ್ಬರು ಚಡಚಣದ ಸಂತೆಯಲ್ಲಿ ಕೈ ಹಿಡಿದು ನಿಲ್ಲಿಸಿ ಬೈದರು. ಬೈದವರು ನನಗಿಂತ ಹಿರಿಯರು, ಡಾರ್ಕ್‌ರೂಮಿನ ಕಾಲದವರು. ಎಲ್ಲರ ಮಾತಿಗೂ ಇಲ್ಲಿಯೇ ಉತ್ತರ ಕೊಡುತ್ತೇನೆ. ಕೆಲವಕ್ಕೆ ಉದ್ದ, ಕೆಲವಕ್ಕೆ ಗಿಡ್ಡ.

ಮೊದಲನೆಯದು ಮುದ್ದೇಬಿಹಾಳದ ಗೆಳೆಯರದು. “ಕಣದಾಗ ರಾಶಿ ದೊಡ್ಡದಾದ್ರ ರೈತ ಅಳತಾನೇನ್ರಿ ಸರ? ಚಿತ್ರ ಹೆಚ್ಚಾದಷ್ಟು ಹುಡುಕವರಿಗೆ ಛಲೋ ಆತಲ್ಲ?”

ರೈತ ಅಳುವುದಿಲ್ಲ, ಖರೆ. ಆದರೆ ತೂರದ ರಾಶಿಯನ್ನು ಚೀಲ ತುಂಬಿ ಅಡತಿ ಅಂಗಡಿಗೆ ಒಯ್ಯುವ ರೈತನನ್ನು ನಾನು ಕಂಡಿಲ್ಲ. ಈ ಸಂಖ್ಯೆ ಬೆಳೆದ ರೀತಿ ನೋಡಿ. ನ್ಯೂಯಾರ್ಕಿನ ಜಾನ್ ಓರಿಂಜರ್ 2003ರಲ್ಲಿ ಶಟರ್‌ಸ್ಟಾಕ್ ಕಂಪನಿ ಶುರು ಮಾಡಿದಾಗ ಅದರಲ್ಲಿದ್ದದ್ದು ಸುಮಾರು 30,000 ಚಿತ್ರ, ಅವರೇ ತೆಗೆದವು. 2016ರಲ್ಲಿ ಅದು 10 ಕೋಟಿ ಮುಟ್ಟಿತು. 2020 ಮುಗಿಯುವ ಹೊತ್ತಿಗೆ 35 ಕೋಟಿ ದಾಟಿತ್ತು. ಮೊದಲ ಹತ್ತು ಕೋಟಿಗೆ ಹದಿಮೂರು ವರ್ಷ ಹಿಡಿಯಿತು, ಆಮೇಲಿನ ಇಪ್ಪತ್ತೈದು ಕೋಟಿಗೆ ನಾಲ್ಕೇ ವರ್ಷ ಸಾಕಾಯಿತು. ಆ ನಾಲ್ಕು ವರ್ಷದಲ್ಲಿ ಜಗತ್ತಿನಲ್ಲಿ ನೋಡುವಂಥದ್ದೇನೂ ಮೂರೂವರೆ ಪಟ್ಟು ಆಗಲಿಲ್ಲ. ಬಾಗಿಲು ಅಗಲವಾಯಿತು, ಅಷ್ಟೇ. ಮುಂಚೆ ಹೊಸಬರು ಹತ್ತು ಚಿತ್ರ ಕಳಿಸಿ ಪರೀಕ್ಷೆ ಕೊಡಬೇಕಿತ್ತು, ಏಳು ಪಾಸಾದರೆ ಒಳಗೆ. ಆಮೇಲೆ ಒಂದು ಪಾಸಾದರೂ ನಡೆದೀತು ಎಂದರು.

ಅದರ ಮೇಲೆ ಸಂಭಾವನೆಯ ಲೆಕ್ಕ. 2020ರ ಜೂನ್‌ನಲ್ಲಿ ಅವರು ಶೇ 15ರಿಂದ 40ರವರೆಗೆ ಮೆಟ್ಟಿಲು ಕಟ್ಟಿದರು. ಎಷ್ಟೇ ಏರಿದವರೂ ಪ್ರತಿ ಜನವರಿ 1ಕ್ಕೆ ಮತ್ತೆ ಕೆಳಗಿನ ಮೆಟ್ಟಿಲಿಗೇ ಇಳಿಯಬೇಕು. ಒಂದು ಡೌನ್‌ಲೋಡಿಗೆ ಕನಿಷ್ಠ 10 ಸೆಂಟ್. ಅಷ್ಟರಲ್ಲಿ ಚಡಚಣದ ಬಸ್‌ಸ್ಟ್ಯಾಂಡಿನಲ್ಲಿ ಕಟ್ ಚಹಾ ಸಿಕ್ಕೀತು, ಅದೂ ಅಂಗಡಿಯವನು ಪರಿಚಯದವನಾಗಿದ್ದರೆ. ಧಾರಣೆ ಬಿದ್ದಾಗ ಮನುಷ್ಯ ಏನು ಮಾಡುತ್ತಾನೆ? ಚೀಲ ಹೆಚ್ಚು ಮಾಡುತ್ತಾನೆ. ಗೋಲಗುಮ್ಮಟದ ಎದುರು ನಿಂತು ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ, ಒಂದು ಕೂತು, ಒಂದು ಎದ್ದು, ಹೀಗೆ ನಲವತ್ತು ಚಿತ್ರ. ಮಾಡಿದವರು ಯಾರೋ ಅಲ್ಲ, ನಾನೇ ಮಾಡಿದ್ದೇನೆ. ಆ ನಲವತ್ತೂ ಆ ಕೋಟಿಗಳಲ್ಲಿ ಸೇರಿವೆ.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಒಂದೇ ಚಿತ್ರವನ್ನು ನಾಲ್ಕೈದು ಕಂಪನಿಗೆ ಕಳಿಸುತ್ತೇವೆ, ಒಪ್ಪಂದದಲ್ಲಿ ಅದಕ್ಕೆ ಅಡ್ಡಿಯಿಲ್ಲ. 2025ರ ಜನವರಿಯಲ್ಲಿ ಗೆಟ್ಟಿ ಇಮೇಜಸ್ ಮತ್ತು ಶಟರ್‌ಸ್ಟಾಕ್ ಒಂದಾಗುವುದಾಗಿ ಸಾರಿದಾಗ, ಎರಡರ ಸಂಗ್ರಹ ಕೂಡಿಸಿ ಹಿಗ್ಗಿದವರಿದ್ದರು. ಒಂದೇ ಖಿಲಾರಿ ಜೋಡಿಯನ್ನು ಐದು ಜಾತ್ರೆಯಲ್ಲಿ ಎಣಿಸಿ ಜಿಲ್ಲೆಯಲ್ಲಿ ಎತ್ತು ಹೆಚ್ಚಾದವು ಅಂದಂತಾಯಿತು.

ಈಗ ‘ಹುಡುಕವರಿಗೆ ಛಲೋ’ ಅನ್ನುವ ಮಾತು. ಎಳ್ಳ ಅಮಾಸಿಗೆ ಮುಂಚೆ ವಾರಪತ್ರಿಕೆಯ ಉಪಸಂಪಾದಕರೊಬ್ಬರು ಫೋನ್ ಮಾಡಿದ್ದರು. ಬಿಳಿಜೋಳದ ಹೊಲದಲ್ಲಿ ಚರಗ ಚೆಲ್ಲುವ ಒಂದು ಚಿತ್ರ ಬೇಕಿತ್ತಂತೆ, ಎರಡು ತಾಸು ಹುಡುಕಿದರೂ ಸಿಗಲಿಲ್ಲವಂತೆ. ನಾನೂ ಕೂತೆ. ಜೋಳ ಎಂದು ಯಾರೋ ನಿಘಂಟು ನೋಡಿ ಇಂಗ್ಲಿಷಿಗೆ ತಿರುಗಿಸಿದ್ದರಿಂದ ಬಂದದ್ದೆಲ್ಲ ಗೋವಿನಜೋಳ, ಅದೂ ಅಮೆರಿಕದ ಬಯಲಿನದು. ಅದರ ಸರಿಯಾದ ಹೆಸರು ಹಾಕಿದೆ. ಆಫ್ರಿಕದ ಹೊಲ ಬಂತು, ಸಕ್ಕರೆ ಪಾಕ ಮಾಡುವ ಕೆಂಪು ತೆನೆ ಬಂತು, ದನದ ಮೇವಿನ ಜಾಹೀರಾತು ಬಂತು. ರೊಟ್ಟಿ ಅಂದರೆ ಗೋಧಿ ಫುಲ್ಕಾ. ಬುಟ್ಟಿ ಹೊತ್ತು ಹೊಲಕ್ಕೆ ಹೋಗುವ ಹೆಣ್ಣುಮಗಳು ಅಂದರೆ ಇಸ್ತ್ರಿ ಮಾಡಿದ ಸೀರೆ, ತುಟಿಗೆ ಬಣ್ಣ, ಕೈಯಲ್ಲಿ ಖಾಲಿ ಬುಟ್ಟಿ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡುವುದು, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ, ಕಡಬು, ಆ ದಿನ ಹೊಲದಲ್ಲೇ ಉಣ್ಣುವ ಇಡೀ ಜಿಲ್ಲೆ, ಅದು ಎಲ್ಲಿಯೂ ಇರಲಿಲ್ಲ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುವ ನಾಡಿನ ಜೋಳಕ್ಕೆ ಕೋಟಿಗಟ್ಟಲೆ ಚಿತ್ರದ ನಡುವೆ ಜಾಗ ಸಿಕ್ಕಿಲ್ಲ.

ಊರ ಹೆಸರಿನಿಂದ ಹುಡುಕಿದರೆ ತಮಾಷೆ ಇನ್ನೂ ಹೆಚ್ಚು. ಬಿಜಾಪುರ ಎಂದು ಬರೆದರೆ ಛತ್ತೀಸಗಢದ ಬಿಜಾಪುರದ ಕಾಡು ಬರುತ್ತದೆ. ನಮ್ಮ ಜಿಲ್ಲೆ 2014ರ ನವೆಂಬರ್ 1ರಿಂದ ವಿಜಯಪುರ ಆಗಿದೆಯಲ್ಲ ಎಂದು ಹಾಗೆ ಹಾಕಿದರೆ ದೇವನಹಳ್ಳಿ ಕಡೆಯ ವಿಜಯಪುರವೂ ಬಂದು ಕೂಡುತ್ತದೆ. ಇಂಡಿ ಅಂದರೆ ಗಿಟಾರು ಹಿಡಿದ ಗಡ್ಡದ ಹುಡುಗರು. ಇಂಡಿಯ ಲಿಂಬಿಹಣ್ಣಿಗೆ ಹೆಸರಿದೆ, ಚಿತ್ರ ಸಿಕ್ಕರೆ ಅದಕ್ಕೆ ಊರಿನ ಹೆಸರಿಲ್ಲ. ಚಡಚಣ ಎಂದು ಹಾಕಿದಾಗ ಯಂತ್ರ ನನ್ನನ್ನೇ ಕೇಳಿತು, ಕಾಗುಣಿತ ಸರಿಯಿದೆಯೇ ಎಂದು.

ಇದು ಇವತ್ತಿನ ರೋಗವಲ್ಲ. ಬಿಜಾಪುರದ ಕಟ್ಟಡಗಳ ದೊಡ್ಡ ಫೋಟೊ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಬಂತು. ಚಿತ್ರ ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ಅವರದು, ಬರಹ ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಅವರದು. ಆ ಕಾಲಕ್ಕೆ ಅದು ದೊಡ್ಡ ಕೆಲಸ, ಗೌರವ ಇದೆ. ಆದರೆ ಕ್ಯಾಮೆರಾ ಅಂದು ಗುಮ್ಮಟದ ಮುಂದೆ ಹೂಡಿದ ಮುಕ್ಕಾಲಿಯನ್ನು ನಾವು ಇನ್ನೂ ಕಿತ್ತಿಲ್ಲ. ಎಣಿಕೆ ಹೆಚ್ಚಾದರೆ ಅದು ತಾನಾಗಿಯೇ ಏಳುತ್ತದೆ ಅನ್ನುವವರಿಗೆ 35 ಕೋಟಿಗಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರಲಿ?

ಎರಡನೆಯ ಮಾತು ಸಂತೆಯಲ್ಲಿ ಸಿಕ್ಕ ಹಿರಿಯರದು. ತೂಕದ ಮಾತು. “ತಮ್ಮಾ, ಅಳಸೂದು ಪಾಪ ಐತಿ. ಇವತ್ತು ಕಸ ಅನಿಸಿದ್ದು ಐವತ್ತು ವರ್ಷಕ್ಕ ಇತಿಹಾಸ ಆಗತೈತಿ. ನಾ ಸುಟ್ಟ ನೆಗೆಟಿವ್ ನೆನಸಿಕೊಂಡ್ರ ಇನ್ನೂ ನಿದ್ದಿ ಬರಂಗಿಲ್ಲ.”

ಕಾಕಾ, ನಿಮ್ಮ ಮಾತಿಗೆ ನನ್ನ ವಿರೋಧವೇ ಇಲ್ಲ. ಹೋದ ಲೇಖನದಲ್ಲಿ ನಾನು ಇದನ್ನು ಬಿಡಿಸಿ ಬರೆಯಬೇಕಿತ್ತು, ಬರೆಯಲಿಲ್ಲ, ತಪ್ಪು ನನ್ನದು. ನಮ್ಮ ಅಜ್ಜನ ಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ಜೋಳ ಸುರಿದು ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ, ಬರಗಾಲಕ್ಕೆ ಬಾಯಿ ತೆಗೆಯುತ್ತಿದ್ದರು. ಹಗೇವಿನಲ್ಲಿ ಎಷ್ಟಿದ್ದರೂ ಇರಲಿ. ಅಂಗಡಿಯ ಕಟ್ಟೆಯ ಮೇಲೆ ಅಷ್ಟನ್ನೂ ಸುರಿದು ‘ಹುಡುಕಿಕೋ’ ಅನ್ನುವುದಕ್ಕೆ ನನ್ನ ತಕರಾರು.

ಹೊರನಾಡಿನಲ್ಲಿ ಇಂಥದೊಂದು ಹಗೇವು ನಿಜವಾಗಿ ಇದೆ. ಆಟೊ ಬೆಟ್‌ಮನ್ ಎಂಬ ಯೆಹೂದಿ, ಹಿಟ್ಲರನ ಜರ್ಮನಿ ಬಿಟ್ಟು 1935ರಲ್ಲಿ ಪೆಟ್ಟಿಗೆ ತುಂಬ ಚಿತ್ರಗಳೊಂದಿಗೆ ಅಮೆರಿಕ ಸೇರಿದರು. ಮರುವರ್ಷ ನ್ಯೂಯಾರ್ಕಿನಲ್ಲಿ ಅವರು ತೆರೆದ ಸಂಗ್ರಹ ಬೆಳೆದು ಬೆಳೆದು ಕೋಟಿ ದಾಟಿತು. 1995ರಲ್ಲಿ ಬಿಲ್ ಗೇಟ್ಸ್‌ರ ಕಾರ್ಬಿಸ್ ಕಂಪನಿ ಅದನ್ನು ಕೊಂಡಿತು. ನೆಗೆಟಿವ್‌ಗಳು ಹುಳಿಯುತ್ತಿದ್ದವು. 2001ರಲ್ಲಿ ಅಷ್ಟನ್ನೂ ಪೆನ್ಸಿಲ್ವೇನಿಯದ ಬಾಯರ್ಸ್ ಎಂಬಲ್ಲಿ ಹಳೆಯ ಸುಣ್ಣಕಲ್ಲಿನ ಗಣಿಯೊಳಗೆ ಇಡಲು ತೀರ್ಮಾನಿಸಿದರು. ನೆಲದ ಕೆಳಗೆ ಇನ್ನೂರು ಅಡಿಗೂ ಆಳ, ಮೈನಸ್ 20 ಡಿಗ್ರಿ ಚಳಿ. ಆ ಹೊತ್ತಿಗೆ ಸ್ಕ್ಯಾನ್ ಆಗಿ ಮಾರಾಟಕ್ಕೆ ಬಂದಿದ್ದವು ಸುಮಾರು ಎರಡೂಕಾಲು ಲಕ್ಷ ಮಾತ್ರ. ಇತಿಹಾಸವನ್ನು ಹೂತುಬಿಟ್ಟರು ಎಂದು ಆಗಲೂ ಕೂಗೆದ್ದಿತ್ತು. 2016ರಲ್ಲಿ ಕಾರ್ಬಿಸ್‌ನ ಚಿತ್ರಗಳು ಚೀನದ ವಿಷುವಲ್ ಚೈನಾ ಗ್ರೂಪಿಗೆ ಹೋದವು, ಚೀನದ ಹೊರಗೆ ಮಾರುವ ಕೆಲಸ ಗೆಟ್ಟಿಗೆ ಸಿಕ್ಕಿತು. ಒಡೆಯರು ಬದಲಾದರು. ಹುಳಿಯುತ್ತಿದ್ದ ನೆಗೆಟಿವ್ ಮಾತ್ರ ಚಳಿಯಲ್ಲಿ ಉಳಿಯಿತು. ನಾನು ತೂರಬೇಕು ಅನ್ನುವಾಗ ಸುಡಬೇಕು ಎಂದು ಅರ್ಥವಲ್ಲ ಕಾಕಾ. ನನ್ನ ನಲವತ್ತು ಗುಮ್ಮಟದಲ್ಲಿ ಮೂವತ್ತೊಂಬತ್ತು ನನ್ನ ಹಾರ್ಡ್‌ಡಿಸ್ಕಿನ ಹಗೇವಿನಲ್ಲಿರಲಿ. ಒಂದು ಅಂಗಡಿಗೆ ಹೋಗಲಿ.

ಅಂಗಡಿ ಹೇಗಿರಬೇಕೆಂದು ಚಡಚಣದವರಿಗೆ ನಾನು ಹೇಳಬೇಕೇ? ಮದುವೆಯ ಜವಳಿ ತೆಗೆಯಲು ಭೀಮಾ ದಾಟಿ ಮಹಾರಾಷ್ಟ್ರದ ಜನ ಇಲ್ಲಿಗೆ ಬರುತ್ತಾರೆ, ಅವರು ಅದಕ್ಕೆ ಬಸ್ತಾ ಅನ್ನುತ್ತಾರೆ. ಗಾದಿಯ ಮೇಲೆ ಕೂತ ಅಣ್ಣಾವರು ಒಳಗಿನ ಗೋದಾಮಿನ ಲೆಕ್ಕ ಯಾರ ಮುಂದೂ ಹೇಳುವುದಿಲ್ಲ. ಹುಡುಗಿ ಬಣ್ಣ ಹೇಗೆ, ಬೀಗರು ಎಲ್ಲಿಯವರು, ಬಜೆಟ್ ಎಷ್ಟು ಎಂದು ಕೇಳಿ ಹನ್ನೆರಡು ಸೀರೆ ಬಿಚ್ಚಿ ಹಾಕುತ್ತಾರೆ. ಒಂದೇ ಬಣ್ಣದ ಮುನ್ನೂರು ಸೀರೆ ಬಿಚ್ಚಿದರೆ ಗಿರಾಕಿ ಎದ್ದು ಎದುರಿನ ಅಂಗಡಿಗೆ ಹೋಗುತ್ತಾನೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಹಲಸಂಗಿಗೆ ಹೋಗಿ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಬಾಯಿಂದ ಬಾಯಿಗೆ ಹರಿಯುತ್ತಿದ್ದ ಹಾಡುಗಳನ್ನು ಕೂಡಿಸಿದರು. ‘ಗರತಿಯ ಹಾಡು’ 1931ರಲ್ಲಿ ಬಂತು, ‘ಜೀವನ ಸಂಗೀತ’ 1933ರಲ್ಲಿ, ‘ಮಲ್ಲಿಗೆ ದಂಡೆ’ 1935ರಲ್ಲಿ. ಮೂರೂ ಒಂದೇ ಕೈಚೀಲದಲ್ಲಿ ಹಿಡಿಸುತ್ತವೆ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡಿಗೆ ಲೆಕ್ಕ ಉಂಟೇ? ತೊಂಬತ್ತು ವರ್ಷ ಆದರೂ ಆ ಮೂರನ್ನು ಕೈಗೆತ್ತಿಕೊಳ್ಳುವವರಿದ್ದಾರೆ.

ಮೂರನೆಯದಕ್ಕೆ ಉತ್ತರ ಗಿಡ್ಡ. “ಇವರ ಫೋಟೊ ರಿಜೆಕ್ಟ್ ಆಗ್ಯಾವ, ಅದಕ್ಕ ಹೊಟ್ಟಿಕಿಚ್ಚು.” ಹೌದು, ಆಗಿವೆ. ಒಂದು ಕಂಪನಿ ಒಂದೇ ಬೆಳಿಗ್ಗೆ ನನ್ನ ನೂರಾರು ಚಿತ್ರ ಕಿತ್ತುಹಾಕಿತು. ಕಾರಣ ಎರಡೇ ಶಬ್ದ: ಒಂದೇ ಥರದವು. ಎಂಟು ದಿನ ಊಟ ಸೇರಲಿಲ್ಲ. ಒಂಬತ್ತನೆಯ ದಿನ ಕಿತ್ತದ್ದನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ, ಅವರು ಹೇಳಿದ್ದು ಸರಿಯಿತ್ತು. ಜೊತೆಗೆ ಅವರು ಕಿತ್ತದ್ದರಲ್ಲಿ ಭೀಮಾ ತೀರದ ಒಂದು ಚಿತ್ರವೂ ಹೋಗಿತ್ತು, ಅದರಂಥದು ಇನ್ನೊಂದು ಇರಲಿಲ್ಲ. ಯಂತ್ರಕ್ಕೆ ಎಲ್ಲ ನೀರೂ ಒಂದೇ. ತೂರುವ ಕೆಲಸ ಗಾಳಿ ಬಲ್ಲವನ ಕೈಯಲ್ಲಿರಬೇಕು ಎಂಬ ನನ್ನ ಮಾತು ಹುಟ್ಟಿದ್ದು ಅಲ್ಲಿಂದ. ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ.

ನಾಲ್ಕನೆಯದು ಹೊಸ ಹುಡುಗರದು. ಬಿಟ್ಟಿ ಸಿಗುವಾಗ ಈ ಮಾರುವ ಕೊಳ್ಳುವ ಲೆಕ್ಕವೇ ಹಳೆಯದು, ಎಲ್ಲರೂ ಬಿಟ್ಟಿ ಹಾಕಿಬಿಡೋಣ ಅನ್ನುತ್ತಾರೆ. ಉತ್ಸಾಹ ಒಳ್ಳೆಯದು, ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಅನ್‌ಸ್ಪ್ಲ್ಯಾಶ್ 2013ರಲ್ಲಿ ಹುಟ್ಟಿದಾಗ ಚಿತ್ರಗಳನ್ನು ಯಾರು ಏನು ಬೇಕಾದರೂ ಮಾಡಿಕೊಳ್ಳಿ ಎಂದಿತ್ತು. 2017ರಲ್ಲಿ ತನ್ನದೇ ಪರವಾನಗಿ ತಂದು ಷರತ್ತು ಹಾಕಿತು. 2021ರಲ್ಲಿ ಅದನ್ನು ಗೆಟ್ಟಿ ಕೊಂಡಿತು. ನೀವು ಪುಣ್ಯಕ್ಕೆ ಇಟ್ಟ ಅರವಟ್ಟಿಗೆಯನ್ನು ನೀರಿನ ವ್ಯಾಪಾರಿ ಕೊಂಡ ಹಾಗೆ.

ಕ್ಯಾರಲ್ ಹೈಸ್ಮಿತ್ ಎಂಬ ಅಮೆರಿಕದ ಫೋಟೊಗ್ರಾಫರ್ ಕಥೆ ಕೇಳಿ. ಆಕೆ ತನ್ನ ಸಾವಿರಾರು ಚಿತ್ರಗಳನ್ನು ಅಲ್ಲಿನ ಕಾಂಗ್ರೆಸ್ ಲೈಬ್ರರಿಗೆ ಜನರಿಗಾಗಿ ಕೊಟ್ಟರು. ಒಂದು ದಿನ, ಆಕೆ ತೆಗೆದ ಚಿತ್ರವನ್ನೇ ಆಕೆಯದೇ ಸಂಸ್ಥೆ ಬಳಸಿದ್ದಕ್ಕೆ 120 ಡಾಲರ್ ಕಟ್ಟಿ ಎಂದು, ಚಿತ್ರ ಮಾರುವ ಕಂಪನಿಯೊಂದರ ಪರವಾಗಿ ಪತ್ರ ಬಂತು. 2016ರಲ್ಲಿ ಆಕೆ ನೂರು ಕೋಟಿ ಡಾಲರ್ ಪರಿಹಾರ ಕೇಳಿ ಗೆಟ್ಟಿ ಮುಂತಾದವರ ಮೇಲೆ ದಾವೆ ಹೂಡಿದರು, ಅದರ ದೊಡ್ಡ ಭಾಗ ಅದೇ ವರ್ಷ ವಜಾ ಆಯಿತು. ಹಕ್ಕು ಬಿಟ್ಟುಕೊಟ್ಟ ಚಿತ್ರವನ್ನು ಯಾರಾದರೂ ಮಾರಬಹುದು, ಮಾರುವವರ ಎಣಿಕೆಗೂ ಅದು ಸೇರುತ್ತದೆ. ಕೊಡುವುದಾದರೆ ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಕೊಡಿ, ತೆಗೆದವರ ಹೆಸರು ಹಾಕಲೇಬೇಕೆಂಬ ಷರತ್ತಿನ ಮೇಲೆ. ಅಲ್ಲೂ 2023ರ ಜನವರಿಯಲ್ಲಿ 10 ಕೋಟಿ ಕಡತ ಆದವು, ಆ ಸಂಖ್ಯೆಗೂ ನಾನು ಚಪ್ಪಾಳೆ ಹೊಡೆಯುವುದಿಲ್ಲ. ಆದರೆ ಅಲ್ಲಿ ಚಿತ್ರವನ್ನು ಊರಿನ ಹೆಸರಿನ ಕೆಳಗೆ ಇಡಬಹುದು, ತಪ್ಪಿದ್ದರೆ ಸಿಂದಗಿಯಲ್ಲಿ ಕೂತ ನೀವೇ ತಿದ್ದಬಹುದು.

ಐದನೆಯದು ಕೃತಕ ಬುದ್ಧಿಮತ್ತೆ. “ಮಾತು ಹೇಳಿದ್ರ ಸಾಕು, ಯಂತ್ರ ಚಿತ್ರ ಬರಿತೈತಿ. ಇನ್ನ ಸಂಗ್ರಹ ದೊಡ್ಡದೇನು, ಸಣ್ಣದೇನು?” ಯಂತ್ರ ಏನು ತಿಂದಿದೆಯೋ ಅದನ್ನೇ ಕಾರುತ್ತದೆ. ತನ್ನ ಸುಮಾರು 1.2 ಕೋಟಿ ಚಿತ್ರಗಳನ್ನು ಕೇಳದೆ ತಿನ್ನಿಸಿದರೆಂದು ಗೆಟ್ಟಿ 2023ರಲ್ಲಿ ಸ್ಟೆಬಿಲಿಟಿ ಎಐ ಮೇಲೆ ದಾವೆ ಹಾಕಿತು, ಯಂತ್ರ ಬರೆದ ಕೆಲವು ಚಿತ್ರಗಳಲ್ಲಿ ಗೆಟ್ಟಿಯ ಮುದ್ರೆಯೇ ಸೊಟ್ಟಗೆ ಮೂಡಿತ್ತು. ಲಂಡನ್ನಿನ ಹೈಕೋರ್ಟು 2025ರ ನವೆಂಬರ್‌ನಲ್ಲಿ ಮುದ್ರೆಯ ವಿಷಯವೊಂದರಲ್ಲಿ ಸ್ವಲ್ಪ ಗೆಟ್ಟಿಯ ಕಡೆ ನಿಂತು, ಬಹುಪಾಲು ಸ್ಟೆಬಿಲಿಟಿಯ ಪರ ತೀರ್ಪು ಕೊಟ್ಟಿತು. ಕಾನೂನು ಅವರ ಜಗಳ. ನನಗೆ ಬೇಕಾದ್ದು ಇಷ್ಟು: ಚರಗ ಚೆಲ್ಲುವ ಚಿತ್ರ ಸಂಗ್ರಹದಲ್ಲಿ ಇಲ್ಲದಿದ್ದರೆ ಅದನ್ನು ತಿಂದ ಯಂತ್ರಕ್ಕೆ ಚರಗ ಗೊತ್ತಿರುವುದಿಲ್ಲ. ನಾನು ಬರೆಯಿಸಿ ನೋಡಿದೆ. ಗೋವಿನಜೋಳದ ಹೊಲದಲ್ಲಿ ಹೂವು ಚೆಲ್ಲುವ ಪಂಜಾಬಿನ ಹೆಣ್ಣುಮಗಳು ಬಂದಳು, ಎಡಗೈಗೆ ಆರು ಬೆರಳು. ಗೆಟ್ಟಿ 2022ರ ಸೆಪ್ಟೆಂಬರ್‌ನಲ್ಲೇ ಇಂಥ ಚಿತ್ರ ಬೇಡ ಎಂದಿತು, ಅಡೋಬಿ ಸ್ಟಾಕ್ ಅದೇ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಅಲ್ಲಿಂದ ಮುಂದೆ ಯಾರೂ ಹೊಲಕ್ಕೆ ಹೋಗದೆಯೂ ಹೊಲದ ಚಿತ್ರಗಳ ಎಣಿಕೆ ಏರುತ್ತಿದೆ. ಮುದ್ದೇಬಿಹಾಳದ ಗೆಳೆಯರೇ, ಈ ರಾಶಿಗೂ ಹಿಗ್ಗಬೇಕೇ?

ಕೊನೆಯದು ಆಕ್ಷೇಪಕ್ಕಿಂತ ಸವಾಲು. “ನಮ್ಮ ಮಂದಿ ಚಿತ್ರ ಇಲ್ಲ ಅಂತ ಅಳೂದು ಬಿಡ್ರಿ, ಎಲ್ಲಾರ ಸ್ಟುಡಿಯೊದಾಗ ಮೂವತ್ತು ವರ್ಷದ ಮದವಿ ಫೋಟೊ ಕೊಳ್ಯಾಕ ಹತ್ಯಾವ, ಅವನ್ನ ಹಾಕ್ರಿ.” ಹಾಕಲಿಕ್ಕೆ ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಂ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಮದುವೆಯ ಆಲ್ಬಮ್ ಬೀಗರದು, ನಮ್ಮದಲ್ಲ. ನಾವೇ ಹೊಲಕ್ಕೆ, ಜಾತ್ರೆಗೆ ಹೋಗಿ ನಮ್ಮ ಖುಷಿಗೆ ತೆಗೆದದ್ದು ನಮ್ಮದು. 2012ರ ತಿದ್ದುಪಡಿ ಆದಮೇಲೆ ಆ ಹಕ್ಕು ತೆಗೆದವನ ಆಯುಷ್ಯ ಮುಗಿದು 60 ವರ್ಷದವರೆಗೆ ಇರುತ್ತದೆ, ಮೊಮ್ಮಕ್ಕಳಿಗೂ ಉಳಿಯುತ್ತದೆ.

ಆದರೆ ಮುಖ ಕಾಣುವ ಚಿತ್ರವನ್ನು ಜಾಹೀರಾತಿಗೆ ಮಾರಬೇಕಾದರೆ ಕಂಪನಿಗಳು ಆ ಮನುಷ್ಯನ ಸಹಿ ಇರುವ ಒಪ್ಪಿಗೆ ಪತ್ರ ಕೇಳುತ್ತವೆ. ಅದನ್ನು ನಾವು ಜನರ ಮುಂದೆ ಹಿಡಿಯುವುದು ಇಂಗ್ಲಿಷಿನಲ್ಲಿ. ಬಜಾರಿನಲ್ಲಿ ಲಿಂಬಿಹಣ್ಣು ಮಾರುವ ಅವ್ವನ ಮುಂದೆ ಅದನ್ನು ಹಿಡಿದರೆ ಆಕೆಗೆ ಹೊಲದ ಉತಾರಿಯೇ ಹೋಯಿತು ಅನಿಸುತ್ತದೆ, ಸಹಿ ಮಾಡುವುದಿಲ್ಲ, ಮಾಡಬಾರದು ಕೂಡ. ದಿಲ್ಲಿಯ ಇಮೇಜಸ್‌ಬಜಾರ್ 2006ರಲ್ಲಿ ಶುರುವಾಗಿ ಭಾರತದ ಮುಖಗಳ ಕೊರತೆ ಒಂದಿಷ್ಟು ತುಂಬಿತು. ಆ ದಾರಿಯಲ್ಲಿ ಸಹಿಯ ಗೊಡವೆ ಇಲ್ಲ, ಮಾಡೆಲ್ಲುಗಳು ಮೊದಲೇ ಬರೆದುಕೊಟ್ಟಿರುತ್ತಾರೆ. ಇಸ್ತ್ರಿ ಸೀರೆ ಬರುವುದೂ ಅದೇ ದಾರಿಯಿಂದ. ನಮಗೆ ಆ ಅವ್ವನೇ ಬೇಕೆಂದರೆ ಒಪ್ಪಿಗೆ ಪತ್ರ ಕನ್ನಡದಲ್ಲಿ ಆಗಬೇಕು, ಅರ್ಧ ಪುಟಕ್ಕಿಂತ ಹೆಚ್ಚಿರಬಾರದು, ಓದಿ ಹೇಳುವ ತಾಳ್ಮೆ ಕ್ಯಾಮೆರಾ ಹಿಡಿದವನಿಗೆ ಇರಬೇಕು. ಬಂದ ದುಡ್ಡಿನಲ್ಲಿ ಆಕೆಗೊಂದು ಪಾಲೂ ಇರಲಿ ಎಂದು ಬರೆದುಕೊಡಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ.

ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸ್ಟುಡಿಯೊ ಬಂಧುಗಳಲ್ಲಿ ನನ್ನ ವಿನಂತಿ ಮೊದಲಿನದೇ. ಬರುವ ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ, ಎಷ್ಟು ಬೇಕಾದರೂ ತೆಗೆಯಿರಿ, ಕಳಿಸುವಾಗ ಹತ್ತೇ ಕಳಿಸಿ. ಪ್ರತಿಯೊಂದರ ಕೆಳಗೂ ದಿನಾಂಕ, ಹಳ್ಳಿಯ ಹೆಸರು, ಬುಟ್ಟಿಯಲ್ಲಿರುವ ಪದಾರ್ಥದ ಹೆಸರು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಜೋಳವನ್ನು ಗೋವಿನಜೋಳ ಮಾಡಬೇಡಿ. ಈ ಕಡೆಯ ಹಳ್ಳಿಯವರು ತಾಲ್ಲೂಕಿನ ಜಾಗದಲ್ಲಿ ಹಳೆಯ ರೂಢಿಯಂತೆ ಇಂಡಿ ಎಂದು ಹಾಕಬೇಡಿ, ಚಡಚಣ ಎಂದೇ ಹಾಕಿ. ನಮ್ಮದು ಬೇರೆ ತಾಲ್ಲೂಕಾಗಿ ವರ್ಷಗಳೇ ಆದವು.